ಬಿದ್ದ ಆಟಗಾರನನ್ನು ಎಬ್ಬಿಸುವ ಮುನ್ನ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ಜಾತ್ರೆಯೆಂದರೆ ತೇರು, ದಾಸೋಹ, ಪುರಾಣ ಪ್ರವಚನಗಳಷ್ಟೇ ಅಲ್ಲ; ಕುಸ್ತಿಯೂ ಹೌದು, ಕಬಡ್ಡಿಯೂ ಹೌದು. ಶಾಲೆಯ ಬಯಲಿನಲ್ಲಿಯೋ ಕೊಯ್ಲು ಮುಗಿದ ಹೊಲದಲ್ಲಿಯೋ ಸುಣ್ಣದ ಗೆರೆ ಎಳೆದರೆ ಅಂಕಣ ಸಿದ್ಧ. ಆದರೆ ನಮ್ಮದು ಎರೆಭೂಮಿ. ಒಣಗಿದಾಗ ಬಿರಿಯುವ ಈ ನೆಲದಲ್ಲಿ ಪಾದ ಸಿಕ್ಕಿಕೊಂಡು ಮೈ ಮಾತ್ರ ತಿರುಗಿದರೆ, ಆ ತಿರುಚಿನ ಭಾರವೆಲ್ಲ ಮೊಣಕಾಲಿನ ಮೇಲೆಯೇ ಬೀಳುತ್ತದೆ.

ನಾಲ್ವತ್ತೈದು ವರ್ಷಗಳ ಹಿಂದೆ ಮಸ್ಕಿಯ ಸಮೀಪದ ಬಯಲೊಂದರಲ್ಲಿ ಕಂಡುದನ್ನು ನಾನು ಮರೆತಿಲ್ಲ. ನಮ್ಮ ಪ್ರಸಾದನಿಲಯದ ಸಹಪಾಠಿಯೊಬ್ಬ ಎದುರು ಅಂಕಣಕ್ಕೆ ಹೋಗಿ ಹಿಂದಿರುಗುವಾಗ ಒಮ್ಮೆಲೇ ಕುಸಿದ. ಯಾರೂ ಆತನನ್ನು ಮುಟ್ಟಿರಲಿಲ್ಲ. "ಒಳಗೆ ಏನೋ ಟಪ್ ಅಂತು" ಎಂದ. ನಾವು ನಕ್ಕೆವು. ಇಬ್ಬರು ಕಂಕುಳಿಗೆ ಕೈಕೊಟ್ಟು ನಡೆಸಿದರು, ಒಬ್ಬ ಕಾಲು ಹಿಡಿದು ಜಗ್ಗಿದ, ನಾನು ಬಿಸಿ ಎಣ್ಣೆ ತಿಕ್ಕಿದೆ. ರಾತ್ರಿಯ ಪ್ರಸಾದದ ಹೊತ್ತಿಗೆ ಮೊಣಕಾಲು ಕುಂಬಳಕಾಯಿಯಂತೆ ಬಾತಿತ್ತು. ಮೂರು ವಾರಗಳಲ್ಲಿ ಬಾವು ಇಳಿಯಿತು. ಗುಣವಾಯಿತೆಂದು ಎಲ್ಲರೂ ಭಾವಿಸಿದೆವು. ಆತ ಮತ್ತೆ ಆಡಿದ, ಮತ್ತೆ ಬಿದ್ದ.

ಬಾವು ಇಳಿಯುವುದು ಬೇರೆ, ಗಾಯ ಮಾಯುವುದು ಬೇರೆ ಎಂಬುದು ನಮಗಾರಿಗೂ ಗೊತ್ತಿರಲಿಲ್ಲ. ಮೊಣಕಾಲ ಸಂಧಿಯ ನಡುವೆ ಒಂದರ ಮೇಲೊಂದು ಅಡ್ಡಹಾಯ್ದ ಎರಡು ರಜ್ಜುಗಳಿವೆ. ಮುಂದಿನ ರಜ್ಜು ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ ಹಿಡಿದಿರುತ್ತದೆ. ತೊಡೆಯೆಲುಬಿಗೂ ಕಣಕಾಲ ಎಲುಬಿಗೂ ನಡುವೆ ಅರ್ಧಚಂದ್ರಾಕಾರದ ಎರಡು ಮೃದ್ವಸ್ಥಿಗಳು ಮೆತ್ತೆಯಂತೆ ಕುಳಿತಿವೆ. ರಜ್ಜು ಹರಿದ ಕಾಲಿನಲ್ಲಿ ತಿರುಗಿ ತಿರುಗಿ ಆಡಿದರೆ ಈ ಮೆತ್ತೆಗಳೂ ಹರಿಯುತ್ತವೆ. ಮೊದಲನೆಯದಕ್ಕಿಂತ ಎರಡನೆಯ ನಷ್ಟವೇ ಅನೇಕರ ಪಾಲಿಗೆ ದೊಡ್ಡದು.

ಹಾಗಾದರೆ ಆಟಗಾರ ಬಿದ್ದೊಡನೆ ಅಂಚಿನಲ್ಲಿರುವವರು ಮಾಡಬೇಕಾದುದೇನು? ಮೊದಲು ಆಟ ನಿಲ್ಲಿಸಿ, ಆತನನ್ನು ಎಬ್ಬಿಸದೆ ಕೇಳಬೇಕು: ಪೆಟ್ಟು ಬಿದ್ದಿತೇ, ತಾನಾಗಿಯೇ ತಿರುಚಿತೇ? ಸದ್ದು ಕೇಳಿಸಿತೇ? ಕಾಲು ಜಾರಿದಂತೆ ಅನಿಸಿತೇ? ಸದ್ದಿನ ಮಾತನ್ನು ನಗೆಯಾಗಿ ತೆಗೆದುಕೊಳ್ಳಬಾರದು. ಅದು ರಜ್ಜು ಹರಿದುದರ ಪ್ರಬಲ ಸೂಚನೆ. ಅನಂತರ ಎರಡೂ ಮೊಣಕಾಲುಗಳನ್ನು ಹೋಲಿಸಿ ನೋಡಬೇಕು. ಚಿಪ್ಪು ಪಕ್ಕಕ್ಕೆ ಸರಿದಿದೆಯೇ, ಸಂಧಿಯ ಆಕಾರವೇ ಕೆಟ್ಟಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಬಾವು ಒಂದೆರಡು ತಾಸಿನೊಳಗೆ ಬಂದರೆ ಸಂಧಿಯೊಳಗೆ ರಕ್ತ ಸೇರಿದೆಯೆಂದೇ ಸಂದೇಹಿಸಬೇಕು. ಮರುದಿನ ನಿಧಾನವಾಗಿ ಬಂದರೆ ಮೆತ್ತೆಯ ಗಾಯವಿರಬಹುದು. ಬಾವು ಬಂದು ಸ್ನಾಯುಗಳು ಬಿಗಿದ ಮೇಲೆ ವೈದ್ಯರಿಗೂ ಪರೀಕ್ಷೆ ಕಷ್ಟ. ಆದುದರಿಂದ ಮೊದಲ ನಿಮಿಷಗಳಲ್ಲಿ ಕಂಡುದನ್ನು ಒಂದು ಚೀಟಿಯಲ್ಲಿ ಬರೆದು ಆತನೊಂದಿಗೆ ಕಳುಹಿಸುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದುದು ಪಾದ. ಮೊಣಕಾಲ ಹಿಂಬದಿಯ ಕುಳಿಯಲ್ಲಿ ಕಾಲಿಗೆ ರಕ್ತವೊಯ್ಯುವ ಹಿರಿಯ ಧಮನಿಯಿದೆ. ಸಂಧಿ ಪೂರ್ಣ ತಪ್ಪಿದಾಗ ಅದು ಹರಿಯಬಹುದು. ತಪ್ಪಿದ ಸಂಧಿ ತಾನಾಗಿಯೇ ಮರಳಿ ಕೂತು ಮೋಸಗೊಳಿಸುವುದೂ ಉಂಟು. ಪಾದ ತಣ್ಣಗಿದ್ದರೆ, ಬಿಳುಪೇರಿದ್ದರೆ, ಜೋಮು ಹಿಡಿದಿದ್ದರೆ, ಪಾದದ ಮೇಲ್ಭಾಗದ ನಾಡಿ ಕೈಗೆ ಸಿಕ್ಕದಿದ್ದರೆ ಒಂದು ನಿಮಿಷವೂ ತಡವಾಗದೆ 108ಕ್ಕೆ ಕರೆ ಮಾಡಬೇಕು. ಕೆಲವು ತಾಸುಗಳು ಕಳೆದರೆ ಕಾಲೇ ಉಳಿಯದು.

ಹೀಗಿಲ್ಲದಿದ್ದರೆ ಆತ ತಾನಾಗಿ ನಾಲ್ಕು ಹೆಜ್ಜೆ ಇಡಬಲ್ಲನೇ ನೋಡಬಹುದು, ಬಲವಂತ ಬೇಡ. ಕೆನಡಾದ ಒಟ್ಟಾವಾದ ವೈದ್ಯರು 1990ರ ದಶಕದಲ್ಲಿ ರೂಪಿಸಿದ ನಿಯಮಗಳಂತೆ, ನಾಲ್ಕು ಹೆಜ್ಜೆ ಇಡಲಾಗದವರಿಗೆ, ಮೊಣಕಾಲನ್ನು ಲಂಬಕೋನದಷ್ಟು ಮಡಚಲಾಗದವರಿಗೆ, ಚಿಪ್ಪಿನ ಮೇಲೆ ಅಥವಾ ಹೊರಬದಿಯ ಸಣ್ಣೆಲುಬಿನ ತಲೆಯ ಮೇಲೆ ಒತ್ತಿದರೆ ನೋಯುವವರಿಗೆ ಎಕ್ಸ್‌ರೇ ಬೇಕು. 55 ವರ್ಷ ದಾಟಿದವರಿಗೂ ಅಷ್ಟೇ. ಆದರೆ ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ರಜ್ಜು ಕಾಣುವುದಿಲ್ಲ. "ಫೋಟೋದಲ್ಲಿ ಏನೂ ಇಲ್ಲ" ಎಂದು ಸಮಾಧಾನಪಟ್ಟು ಮನೆಗೆ ಬರುವವರು ನಮ್ಮಲ್ಲಿ ಬಹಳ. ರಜ್ಜನ್ನು ಅರಿಯಲು ತಜ್ಞರ ಕೈಪರೀಕ್ಷೆ ಬೇಕು, ಸಂದೇಹವಿದ್ದರೆ ಎಂ.ಆರ್.ಐ. ಬೇಕು. ಮೊಣಕಾಲನ್ನು ತುಸು ಮಡಚಿ ಕೆಳಗಿನ ಎಲುಬನ್ನು ಮುಂದಕ್ಕೆಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆ 1976ರಲ್ಲಿ ಪ್ರಕಟವಾಯಿತು. ಅದು ಪಳಗಿದ ಕೈಗಳ ಕೆಲಸ, ಜಾತ್ರೆಯ ಗುಂಪಿನ ಪ್ರಯೋಗವಲ್ಲ.

ಉಪಚಾರ ಸರಳ. ಸರಬತ್ತಿನ ಅಂಗಡಿಯ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದಿಪ್ಪತ್ತು ನಿಮಿಷ ಇಡಬೇಕು, ಹಗುರವಾಗಿ ಪಟ್ಟಿ ಸುತ್ತಬೇಕು, ಕಾಲನ್ನು ದಿಂಬಿನ ಮೇಲೆ ಎತ್ತಿರಿಸಬೇಕು. ಆಕಾರ ಕೆಟ್ಟಿದ್ದರೆ ಇದ್ದಂತೆಯೇ ಹಲಗೆ ಕಟ್ಟಿ ಒಯ್ಯಬೇಕು. ತಿಕ್ಕುವುದು, ಜಗ್ಗುವುದು, ಬಿಸಿ ಶಾಖ ಕೊಡುವುದು ಸಲ್ಲದು. ಎಲುಬು ಕೂಡಿಸುವ ಹಿರಿಯರ ಬಗ್ಗೆ ನನಗೆ ಅನಾದರವಿಲ್ಲ. ಆದರೆ ಒಳಗಿನ ರಜ್ಜನ್ನು ಹೊರಗಿನಿಂದ ಎಳೆದು ಕೂಡಿಸಲು ಬಾರದು. ಸದ್ದು ಕೇಳಿದವನು, ಬಾವು ಬಂದವನು, ಕುಂಟುವವನು ಆ ದಿನ ಮತ್ತೆ ಅಂಕಣಕ್ಕೆ ಇಳಿಯಕೂಡದು. ಪಂದ್ಯದ ಬಹುಮಾನ ಎಷ್ಟೇ ಇರಲಿ, ಊರಿನ ಮರ್ಯಾದೆಯ ಮಾತು ಯಾರೇ ಎತ್ತಲಿ.

ಈಗ ನಮ್ಮ ಹೆಣ್ಣುಮಕ್ಕಳೂ ಕಬಡ್ಡಿ ಆಡುತ್ತಿದ್ದಾರೆ, ಸಂತೋಷ. ಓಡಿ ತಟ್ಟನೆ ತಿರುಗುವ ಆಟಗಳಲ್ಲಿ ಈ ರಜ್ಜು ಹರಿಯುವ ಸಂಭವ ಅವರಲ್ಲಿಯೇ ಹೆಚ್ಚು ಎಂಬುದನ್ನು ತಾಯಂದಿರು ತಿಳಿದಿರಲಿ. ಗಾಯವಾದರೆ ಆಟವೇ ಮುಗಿಯಿತೆಂದೂ ಅಲ್ಲ. ಕುಸ್ತಿಪಟು ವಿನೇಶ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲು ತಿರುಚಿ ಸ್ಟ್ರೆಚರ್ ಮೇಲೆ ಹೊರಬಂದರು. ಶಸ್ತ್ರಚಿಕಿತ್ಸೆ ಪಡೆದು, ಸಾಧನೆಯಿಂದ ಕಾಲನ್ನು ಮರಳಿ ಬಲಪಡಿಸಿಕೊಂಡು, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

ನನ್ನ ಸಹಪಾಠಿ ಈಗ ಸಿಂಧನೂರಿನ ಕಾಲುವೆಯ ಭತ್ತದ ಸೀಮೆಯಲ್ಲಿದ್ದಾನೆ. ನಾಟಿಗೆ ಗದ್ದೆಗಿಳಿಯಲಾರ, ಬದುವಿನ ಮೇಲೆ ನಿಂತು ಆಳುಗಳಿಗೆ ಹೇಳುತ್ತಾನೆ. ಕಳೆದ ಶ್ರಾವಣದಲ್ಲಿ ಅವನ ಮನೆಗೆ ಹೋದಾಗ ಇಷ್ಟಲಿಂಗ ಪೂಜೆಗೆ ಮನೆಯವರೆಲ್ಲ ನೆಲದ ಮೇಲೆ ಕುಳಿತಿದ್ದರು, ಅವನೊಬ್ಬ ಕುರ್ಚಿಯ ಮೇಲಿದ್ದ. "ಅವತ್ತು ನೀ ತಿಕ್ಕಿದ್ದು ಯಾವ ಎಣ್ಣಿ ಮಾರಾಯ?" ಎಂದು ಕೇಳಿ ನಕ್ಕ.