ಎಲ್ಲವೂ ಹಣೆಬರಹವಲ್ಲ: ಗ್ರೀಕ್ ರುದ್ರನಾಟಕಗಳ ಬಗ್ಗೆ ತಪ್ಪು ಕಲ್ಪನೆ ಮತ್ತು ವಾಸ್ತವ

ಗ್ರೀಕ್ ನಾಟಕದ ಒಂದು ಪುಟವನ್ನೂ ಓದದವರಿಗೂ ಈಡಿಪಸ್ ಗೊತ್ತು, ಅಕಿಲೀಸನ ಹಿಮ್ಮಡಿ ಗೊತ್ತು. ಹೀಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಪರೀಕ್ಷೆಯ ಗೈಡುಗಳಿಂದ, ಭಾಷಣಗಳಿಂದ, ಸಿನಿಮಾಗಳಿಂದ ಬಂದದ್ದು. ನಾವೂ ಹಾಗೆಯೇ ಕಲಿತವರು. ನಾಟಕಗಳನ್ನೇ ಕೈಗೆತ್ತಿಕೊಂಡಾಗ ಕೇಳಿದ್ದಕ್ಕೂ ಅಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಹೆಚ್ಚು ಚಲಾವಣೆಯಲ್ಲಿರುವ ಏಳು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ಈಡಿಪಸ್ ವಿಧಿಯ ಕೈಗೊಂಬೆ. ಎಲ್ಲವೂ ಮೊದಲೇ ನಿಶ್ಚಯವಾಗಿತ್ತು. ಅವನು ಏನು ಮಾಡಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ.

ವಾಸ್ತವ: ತಂದೆಯನ್ನು ಕೊಲ್ಲುತ್ತಾನೆ, ತಾಯಿಯನ್ನು ಮದುವೆಯಾಗುತ್ತಾನೆ ಎಂದು ಡೆಲ್ಫಿಯ ದೈವವಾಣಿ ಅವನಿಗೆ ಹೇಳಿತ್ತು. ಸೊಫೊಕ್ಲೀಸನ ನಾಟಕ ಶುರುವಾಗುವ ಹೊತ್ತಿಗೆ ಇವೆರಡೂ ನಡೆದು ವರ್ಷಗಳೇ ಆಗಿವೆ. ರಂಗದ ಮೇಲೆ ನಡೆಯುವುದು ಒಂದು ತನಿಖೆ. ಥೀಬ್ಸ್ ನಗರಕ್ಕೆ ಪಿಡುಗು ತಗುಲಿದೆ; ಹಿಂದಿನ ದೊರೆ ಲಾಯಸನನ್ನು ಕೊಂದವನು ಸಿಗುವವರೆಗೆ ಅದು ಹೋಗುವುದಿಲ್ಲ. ತನಿಖೆಗೆ ನಿಂತವನು ಈಡಿಪಸ್.

ಮೂವರು ಅವನನ್ನು ತಡೆಯುತ್ತಾರೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ತನ್ನನ್ನು ಮನೆಗೆ ಕಳಿಸಿಬಿಡು ಎನ್ನುತ್ತಾನೆ. ಅವನ ತಾಯಿಯೂ ಹೆಂಡತಿಯೂ ಆದ, ಗುಟ್ಟು ಮೊದಲೇ ಹೊಳೆದ ರಾಣಿ ಯೊಕಾಸ್ಟ ಇನ್ನು ಕೆದಕಬೇಡ ಎಂದು ಅಂಗಲಾಚುತ್ತಾಳೆ. ಹಿಂದೆ ಕೂಸಾಗಿದ್ದ ಈಡಿಪಸನನ್ನು ಬೆಟ್ಟದಲ್ಲಿ ಸಾಯಲು ಬಿಡಬೇಕಿದ್ದ ಮುದಿ ಕುರುಬ ಬಾಯಿ ಬಿಡುವುದೇ ಇಲ್ಲ. ಈಡಿಪಸ್ ಅವನ ಕೈಗಳನ್ನು ಹಿಂದಕ್ಕೆ ತಿರುಚಿಸುತ್ತಾನೆ, ಕೊಲ್ಲುತ್ತೇನೆಂದು ಹೆದರಿಸುತ್ತಾನೆ, ಮುಂದಿನ ಮಾತು ತನ್ನ ಬುಡಕ್ಕೇ ಬರುತ್ತದೆಂದು ತಿಳಿದೂ ಕೇಳಿಯೇ ತೀರುತ್ತಾನೆ. ಈ ಹಟ ಅವನದೇ. ಯೊಕಾಸ್ಟಳ ಉಡುಪಿನ ಚಿನ್ನದ ಪಿನ್ನುಗಳಿಂದ ಕಣ್ಣು ಇರಿದುಕೊಂಡ ಮೇಲೂ, ಈ ಸಂಕಟವನ್ನೆಲ್ಲ ತಂದವನು ಅಪೊಲೊ, ಆದರೆ ಇರಿದ ಕೈ ತನ್ನದು ಎನ್ನುತ್ತಾನೆ. ವಿಧಿಯನ್ನು ಅವನು ಅಲ್ಲಗಳೆಯುವುದಿಲ್ಲ. ಅದರ ಹಿಂದೆ ಅಡಗಿಕೊಳ್ಳುವುದೂ ಇಲ್ಲ.

2. ತಪ್ಪು ಕಲ್ಪನೆ: ಈಡಿಪಸ್ ತಾಯಿಯನ್ನು ಬಯಸಿದವನು.

ವಾಸ್ತವ: ಈ ಅರ್ಥ ಫ್ರಾಯ್ಡನದು, ಕನಸುಗಳನ್ನು ಕುರಿತ ಅವನ ಪುಸ್ತಕ ಹೊರಬಂದದ್ದು 1899ರ ಕೊನೆಯಲ್ಲಿ. ನಾಟಕದ ಈಡಿಪಸ್ ಕಾರಿಂತ್ ನಗರದ ದೊರೆ, ರಾಣಿಯರನ್ನೇ ಹೆತ್ತವರೆಂದು ನಂಬಿ ಬೆಳೆದವನು. ದೈವವಾಣಿ ಕೇಳಿ ಬೆಚ್ಚಿ, ಅವರಿಗೆ ಕೇಡಾಗಬಾರದೆಂದೇ ಊರು ಬಿಟ್ಟ. ಸ್ಫಿಂಕ್ಸ್ ಎಂಬ ರಾಕ್ಷಸಿಯ ಒಗಟು ಬಿಡಿಸಿ ಥೀಬ್ಸನ್ನು ಉಳಿಸಿದಾಗ ಸಿಂಹಾಸನದ ಜೊತೆಗೆ ವಿಧವೆ ರಾಣಿಯ ಕೈಯೂ ದಕ್ಕಿತು. ಅವನು ಓಡಿದ್ದು ಪಾಪದಿಂದ ದೂರಕ್ಕೆ. ಓಡಿದ ದಾರಿಯೇ ಅವನನ್ನು ಅಲ್ಲಿಗೆ ತಲುಪಿಸಿತು.

3. ತಪ್ಪು ಕಲ್ಪನೆ: ಪ್ರತಿ ನಾಯಕನಲ್ಲೂ ಒಂದು ದುರ್ಗುಣವಿರುತ್ತದೆ, ಹೆಚ್ಚಾಗಿ ಅಹಂಕಾರ. ಅದೇ ಅವನನ್ನು ಬೀಳಿಸುತ್ತದೆ.

ವಾಸ್ತವ: ಈ ಸೂತ್ರವನ್ನು ಅರಿಸ್ಟಾಟಲನ ಹೆಸರಿಗೆ ಅಂಟಿಸುತ್ತೇವೆ. ಅವನು ಹೇಳಿದ್ದು ಬೇರೆ. ತೀರ ಸಜ್ಜನನೂ ಅಲ್ಲದ, ದುಷ್ಟನೂ ಅಲ್ಲದ ಮನುಷ್ಯ ಒಂದು ದೊಡ್ಡ ತಪ್ಪಿನಿಂದ ಬೀಳುತ್ತಾನೆ, ಕೆಟ್ಟತನದಿಂದಲ್ಲ ಎಂಬುದು ಅವನ ಮಾತಿನ ಸಾರ. ಆ ತಪ್ಪು ತಿಳಿಯದೆ ಆದದ್ದೂ ಇರಬಹುದು. ಮೂರು ದಾರಿ ಕೂಡುವಲ್ಲಿ ಜಗಳಕ್ಕೆ ಬಂದು ತನ್ನಿಂದ ಸತ್ತ ಮುದುಕ ಲಾಯಸ್ ತನ್ನ ತಂದೆಯೆಂದು ಈಡಿಪಸನಿಗೆ ಗೊತ್ತಿರಲಿಲ್ಲ. ಅಹಂಕಾರದ ಪ್ರಸ್ತಾಪ ಅರಿಸ್ಟಾಟಲನ ಆ ವಿವರಣೆಯಲ್ಲಿ ಇಲ್ಲವೇ ಇಲ್ಲ. ಅಹಂಕಾರವೆಂದು ನಾವು ಅರ್ಥ ಮಾಡುವ ಹ್ಯೂಬ್ರಿಸ್ ಪದದಿಂದ ಗ್ರೀಕರು ಕರೆದದ್ದು ಇನ್ನೊಬ್ಬರ ಮಾನ ಕಳೆಯುವ ದೌರ್ಜನ್ಯವನ್ನು. ಅಥೆನ್ಸಿನಲ್ಲಿ ಅದಕ್ಕೆ ಮೊಕದ್ದಮೆ ಹೂಡಬಹುದಿತ್ತು. ಇನ್ನೊಂದು ಸಂಗತಿ: ಸೊಫೊಕ್ಲೀಸ್ ತೀರಿಕೊಂಡದ್ದು ಕ್ರಿ.ಪೂ. 406ರಲ್ಲಿ, ಅರಿಸ್ಟಾಟಲ್ ಹುಟ್ಟಿದ್ದು 384ರಲ್ಲಿ. ನಾಟಕಕಾರರ ಮುಂದೆ ಈ ಸೂತ್ರ ಇರಲೇ ಇಲ್ಲ. ಅವರ ನಾಯಕರಲ್ಲಿ ಗುಣ, ದೋಷಗಳನ್ನು ಬಿಡಿಸಿ ಇಡಲಾಗುವುದಿಲ್ಲ. ಒಗಟು ಬಿಡಿಸಿ ಊರನ್ನು ಉಳಿಸಿದ ಬುದ್ಧಿಯೇ ಈಡಿಪಸನ ಮನೆಯನ್ನೂ ಬಯಲು ಮಾಡಿತು.

4. ತಪ್ಪು ಕಲ್ಪನೆ: ನರಳುವವರೆಲ್ಲ ಮಾಡಿದ ಪಾಪಕ್ಕೆ ಫಲ ಉಣ್ಣುವವರು, ಗ್ರೀಕರ ವಿಧಿ ನಮ್ಮ ಕರ್ಮದ ಹಾಗೆಯೇ.

ವಾಸ್ತವ: ನಮಗೆ ಅತಿ ಸುಲಭವಾಗಿ ತಟ್ಟುವ ತಪ್ಪು ಇದು. ಈ ನಾಟಕಗಳಲ್ಲಿ ಹಿಂದಿನ ಜನ್ಮದ ಲೆಕ್ಕವಿಲ್ಲ. ಹಿರಿಯರ ಅಪರಾಧ ಮನೆತನವನ್ನು ಬೆನ್ನಟ್ಟುವುದುಂಟು. ಆಟ್ರಿಯಸ್ ತನ್ನ ತಮ್ಮನ ಮಕ್ಕಳನ್ನು ಕೊಂದು ಅವನಿಗೇ ಉಣಬಡಿಸಿದ್ದು ಮುಂದಿನ ತಲೆಮಾರುಗಳನ್ನೂ ಬಿಡಲಿಲ್ಲ. ಆದರೆ ಪಾಪ, ಶಿಕ್ಷೆ ಎರಡೂ ಸರಿದೂಗಬೇಕೆಂಬ ನಿಯಮವಿಲ್ಲ. ಕ್ರಿ.ಪೂ. 428ರಲ್ಲಿ ಆಡಿದ, ಯೂರಿಪಿಡೀಸನ ‘ಹಿಪೊಲಿಟಸ್’ ನೋಡಿ. ತನ್ನನ್ನು ಕಡೆಗಣಿಸಿದ ಯುವಕನ ಮೇಲೆ ಹಗೆ ತೀರಿಸಲು ಪ್ರೇಮದೇವತೆ ಅಫ್ರೊಡೈಟಿ ಅವನ ಮಲತಾಯಿ ಫೀಡ್ರಳಲ್ಲಿ ಮೋಹ ಹುಟ್ಟಿಸುತ್ತಾಳೆ. ಮರ್ಯಾದಸ್ಥ ಹೆಂಗಸು ಫೀಡ್ರ ಇದರಲ್ಲಿ ಸಾಯುತ್ತಾಳೆಂದು ದೇವತೆಗೆ ಗೊತ್ತು, ಲೆಕ್ಕಕ್ಕಿಲ್ಲ. ಕೊನೆಗೆ ಹಿಪೊಲಿಟಸ್ ಜೀವ ಬಿಡುವಾಗ ಅವನು ಪೂಜಿಸಿದ ಆರ್ಟೆಮಿಸ್ ಕೂಡ ಅಲ್ಲಿ ನಿಲ್ಲದೆ ಹೊರಟುಹೋಗುತ್ತಾಳೆ. ದೇವರುಗಳು ಬಲಿಷ್ಠರು ಎನ್ನುವ ನಾಟಕಕಾರ ಅವರು ನ್ಯಾಯವಂತರು ಎನ್ನಲು ಹಿಂಜರಿಯುತ್ತಾನೆ. ನರಳುವವನನ್ನು ಕಂಡೊಡನೆ ಅವನ ಪಾಪ ಹುಡುಕುವ ಅಭ್ಯಾಸಕ್ಕೆ ಈ ನಾಟಕಗಳಲ್ಲಿ ಆಸರೆಯಿಲ್ಲ.

5. ತಪ್ಪು ಕಲ್ಪನೆ: ಇವು ರಾಜರಾಣಿಯರ ಪುರಾಣ ಕಥೆಗಳು, ರಾಜಕೀಯಕ್ಕೂ ಇವಕ್ಕೂ ಸಂಬಂಧವಿಲ್ಲ.

ವಾಸ್ತವ: ರುದ್ರನಾಟಕ ಪ್ರಜಾಪ್ರಭುತ್ವದ ಅಥೆನ್ಸಿನಲ್ಲಿ ಅರಳಿದ ಕಲೆ. ಡಯೊನೈಸಸ್ ದೇವರ ವಸಂತೋತ್ಸವದಲ್ಲಿ, ಊರಿನ ಖರ್ಚು, ಸಿರಿವಂತ ನಾಗರಿಕರ ಖರ್ಚು ಎರಡರಲ್ಲೂ ಸ್ಪರ್ಧೆ ನಡೆಯುತ್ತಿತ್ತು. ಕ್ರಿ.ಪೂ. 494ರಲ್ಲಿ ಮಿಲೇಟಸ್ ನಗರ ಪರ್ಷಿಯನ್ನರ ವಶವಾದದ್ದನ್ನು ಫ್ರಿನಿಕಸ್ ನಾಟಕವಾಗಿಸಿದಾಗ ನೋಡಿದವರೆಲ್ಲ ಅತ್ತರು. ಅಥೆನ್ಸ್ ಅವನಿಗೆ 1000 ದ್ರಾಕ್ಮ ದಂಡ ಹಾಕಿತು. ಮ್ಯಾರಥಾನಿನಲ್ಲಿ ಪರ್ಷಿಯನ್ನರ ವಿರುದ್ಧ ಕಾದಿದ್ದ ಈಸ್ಕಿಲಸ್, ಸಲಾಮಿಸ್ ಕಡಲಕಾಳಗದಲ್ಲಿ ಅವರನ್ನು ಗೆದ್ದು ಎಂಟೇ ವರ್ಷಕ್ಕೆ, 472ರಲ್ಲಿ, ಸೋತ ಶತ್ರುವಿನ ಅರಮನೆಯ ಅಳಲನ್ನು ರಂಗಕ್ಕೆ ತಂದ. ಬಿ.ಎಂ.ಶ್ರೀ. ಕನ್ನಡಕ್ಕೆ ‘ಪಾರಸಿಕರು’ ಎಂದು ತಂದದ್ದು ಇದನ್ನೇ.

ಸೊಫೊಕ್ಲೀಸನ ‘ಅಂತಿಗೊನೆ’ಯಲ್ಲಿ ಅಧಿಕಾರದ ಚಿತ್ರ ಇನ್ನೂ ಹತ್ತಿರದ್ದು. ದ್ರೋಹಿಯ ಶವವನ್ನು ಹೂಳಕೂಡದೆಂದು ದೊರೆ ಕ್ರಿಯಾನ್ ಆಜ್ಞೆ ಮಾಡುತ್ತಾನೆ; ಸತ್ತವನ ತಂಗಿ ಅಂತಿಗೊನೆ ಮಣ್ಣು ಹಾಕುತ್ತಾಳೆ. ಊರೆಲ್ಲ ಆ ಹುಡುಗಿಗಾಗಿ ಮರುಗುತ್ತಿದೆ, ಒಬ್ಬನ ಸೊತ್ತಾದದ್ದು ನಗರವೇ ಅಲ್ಲ ಎಂದು ಮಗ ಹೀಮನ್ ವಾದಿಸಿದರೂ ಅಪ್ಪ ಕೇಳುವುದಿಲ್ಲ. ಟೈರೀಸಿಯಸನ ಎಚ್ಚರಿಕೆಗೆ ಕೊನೆಗೂ ಬೆದರಿದಾಗ, ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಶವಕ್ಕೆ ಸಮಾಧಿ ಮಾಡು ಎನ್ನುತ್ತದೆ ಮೇಳ. ಕ್ರಿಯಾನ್ ಮೊದಲು ಹೋದದ್ದು ಶವದ ಕಡೆಗೆ. ಅವಳನ್ನು ಕೂಡಿಹಾಕಿದ್ದ ಗವಿಗೆ ಬರುವಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿದ್ದಳು. ಮಗ ಇರಿದುಕೊಂಡು ಸತ್ತ, ಸುದ್ದಿ ಕೇಳಿ ಹೆಂಡತಿಯೂ ಸತ್ತಳು. ಇದನ್ನು ಹಣೆಬರಹ ಎಂದುಬಿಟ್ಟರೆ ಅಧಿಕಾರದಲ್ಲಿ ಕೂತವನ ಹೊಣೆ ಜಾರಿಹೋಗುತ್ತದೆ.

6. ತಪ್ಪು ಕಲ್ಪನೆ: ರುದ್ರನಾಟಕ ಎಂದರೆ ಕೊನೆಯಲ್ಲಿ ಸಾವು.

ವಾಸ್ತವ: ಈಸ್ಕಿಲಸನ ‘ಒರೆಸ್ಟಿಯ’ ತ್ರಿವಳಿ (ಕ್ರಿ.ಪೂ. 458) ಮುಗಿಯುವುದು ನ್ಯಾಯಾಲಯದಲ್ಲಿ. ತಂದೆಯ ಕೊಲೆಗೆ ಸೇಡಾಗಿ ತಾಯಿಯನ್ನು ಕೊಂದ ಒರೆಸ್ಟಿಸನ ವಿಚಾರಣೆಯಲ್ಲಿ ಮತಗಳು ಸಮವಾಗುತ್ತವೆ, ದೇವತೆ ಅಥೀನಾಳ ಪಕ್ಷ ಅವನ ಕಡೆಗಿರುವುದರಿಂದ ಬಿಡುಗಡೆ. ಸೇಡಿನ ಸರಪಳಿಯನ್ನು ಕತ್ತರಿಸುವುದು ನ್ಯಾಯಾಲಯದಲ್ಲಿ ಹಾಕಿದ ಮತ. ಯೂರಿಪಿಡೀಸನ ‘ಹೆಲೆನ್’, ಸೊಫೊಕ್ಲೀಸನ ‘ಫಿಲೊಕ್ಟೀಟಿಸ್’ ನಾಟಕಗಳ ನಾಯಕ, ನಾಯಕಿಯರೂ ಬದುಕಿ ಉಳಿಯುತ್ತಾರೆ.

7. ತಪ್ಪು ಕಲ್ಪನೆ: ಪ್ರತಿ ಪುರಾಣಕ್ಕೂ ಒಂದೇ ಅಧಿಕೃತ ಕಥೆಯಿದೆ.

ವಾಸ್ತವ: ಹಿಮ್ಮಡಿಯನ್ನು ಬಿಟ್ಟು ಅಕಿಲೀಸನ ಮೈಗೆ ಗಾಯವೇ ಆಗದು ಎಂಬ ಮಾತು ‘ಇಲಿಯಡ್’ನಲ್ಲಿಲ್ಲ, ಅಲ್ಲಿ ಅವನ ಮೊಣಕೈಗೆ ಈಟಿ ತರಚಿ ರಕ್ತ ಬರುತ್ತದೆ. ‘ಒಡಿಸ್ಸಿ’ಯಲ್ಲಿ ಈಡಿಪಸ್ ನಿಜ ತಿಳಿದ ಮೇಲೂ ಥೀಬ್ಸನ್ನು ಆಳುತ್ತಿರುತ್ತಾನೆ. ನಾಟಕಕಾರರು ಇಂಥ ಕಥೆಗಳನ್ನು ತಮ್ಮ ಪ್ರಶ್ನೆಗೆ ಬೇಕಾದಂತೆ ತಿರುಗಿಸಿದರು. ಸೊಫೊಕ್ಲೀಸನ ‘ಅಜಾಕ್ಸ್’ ಅನ್ನು ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಆಗಿಸಿದಾಗ ಮಾಡಿದ್ದೂ ಅದನ್ನೇ.

ಈ ಏಳರಲ್ಲಿ ಹೆಚ್ಚು ಕೇಡು ಮಾಡುವುದು ಮೊದಲನೆಯದು. ವಿಧಿಯ ಮೇಲೆ ಎಲ್ಲವನ್ನೂ ಹೊರಿಸುವವನಿಗೆ ಕೇಳಲು ಪ್ರಶ್ನೆಗಳೇ ಉಳಿಯುವುದಿಲ್ಲ. ಗ್ರೀಕ್ ನಾಟಕಕಾರರ ಪ್ರಶ್ನೆಗಳು ಶುರುವಾಗುವುದೇ ಅಲ್ಲಿಂದ. ಪಿ. ಲಂಕೇಶರ ‘ದೊರೆ ಈಡಿಪಸ್’, ‘ಅಂತಿಗೊನೆ’ ಕನ್ನಡದಲ್ಲೇ ಇವೆ. ಸಾರಾಂಶಗಳನ್ನು ಬದಿಗಿಟ್ಟು ಅವನ್ನು ಓದಿ. ಪ್ರತಿ ತಿರುವಿನಲ್ಲೂ ಇಲ್ಲಿ ತೀರ್ಮಾನ ಮಾಡಿದವರು ಯಾರು ಎಂದು ಕೇಳಿಕೊಳ್ಳಿ.