ಗುರುತಿಲ್ಲದ ದೊಡ್ಡವರಿಗೆ ಒಂದು ಇಮೇಲ್

1924ರ ಜೂನ್ 4ರಂದು ಢಾಕಾ ವಿಶ್ವವಿದ್ಯಾಲಯದ ರೀಡರ್ ಸತ್ಯೇಂದ್ರನಾಥ ಬೋಸ್ ಅವರು ಬರ್ಲಿನ್‌ನಲ್ಲಿದ್ದ ಆಲ್ಬರ್ಟ್ ಐನ್‌ಸ್ಟೈನ್ ಅವರಿಗೆ ಒಂದು ಕಾಗದ ಬರೆದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಕಾಗದದ ಜೊತೆ ಇಂಗ್ಲಿಷಿನ ಪುಟ್ಟ ಪ್ರಬಂಧವಿತ್ತು. ಪ್ಲಾಂಕ್ ಅವರ ವಿಕಿರಣ ನಿಯಮವನ್ನು ಹಳೆಯ ವಿದ್ಯುತ್ಕಾಂತ ಸಿದ್ಧಾಂತದ ಆಸರೆಯಿಲ್ಲದೆ ಪಡೆಯಲು ಯತ್ನಿಸಿದ್ದೇನೆ, ನೋಡಿ. ಅಚ್ಚಿಗೆ ತಕ್ಕದ್ದು ಅನ್ನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಬರುವಂತೆ ಮಾಡಿಕೊಡಿ, ಅನುವಾದಿಸುವಷ್ಟು ಜರ್ಮನ್ ನನಗೆ ಬಾರದು. ಕಾಗದದ ಸಾರ ಇಷ್ಟೇ. ಐನ್‌ಸ್ಟೈನ್ ತಾವೇ ಕೂತು ಅದನ್ನು ಜರ್ಮನ್‌ಗೆ ಅನುವಾದಿಸಿ, ಮೆಚ್ಚುಗೆಯ ಟಿಪ್ಪಣಿಯೊಂದನ್ನು ಸೇರಿಸಿ ಪತ್ರಿಕೆಗೆ ಕಳಿಸಿದರು. ಭೌತಶಾಸ್ತ್ರದ ವಿದ್ಯಾರ್ಥಿಗಳು ಇವತ್ತು ಓದುವ ಬೋಸ್-ಐನ್‌ಸ್ಟೈನ್ ಸ್ಟ್ಯಾಟಿಸ್ಟಿಕ್ಸ್ ಶುರುವಾದದ್ದು ಅಲ್ಲಿಂದ.

ಈಗ ಅದೇ ಕೆಲಸಕ್ಕೆ ಇಮೇಲ್ ಇದೆ. ಅಂಚೆ ಖರ್ಚಿಲ್ಲ, ಹಡಗಿನ ದಾರಿ ಕಾಯಬೇಕಿಲ್ಲ. ಆದರೂ ಪ್ರಾಧ್ಯಾಪಕರಿಗೆ, ಲೇಖಕರಿಗೆ, ಉದ್ಯಮಿಗಳಿಗೆ ಅಪರಿಚಿತರು ಬರೆಯುವ ಮೇಲ್‌ಗಳನ್ನು ನೋಡಿದರೆ ಬಹುಪಾಲು ಒಂದೇ ಅಚ್ಚಿನಲ್ಲಿ ತೆಗೆದಂತಿರುತ್ತವೆ. ಮೊದಲು ತಮ್ಮ ಅಪಾರ ಸಾಧನೆಯಿಂದ ಪ್ರೇರಿತನಾಗಿದ್ದೇನೆ ಎಂಬ ಸಾಲು, ನಡುವೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಶೇಕಡಾವಾರು ಅಂಕಗಳು, ಕೊನೆಗೆ ದಯವಿಟ್ಟು ಮಾರ್ಗದರ್ಶನ ನೀಡಿ ಎಂಬ ಬಿನ್ನಹ. ಓದಿದವರಿಗೆ ತಾವೀಗ ಏನು ಮಾಡಬೇಕೆಂಬುದೇ ತಿಳಿಯದು. ದೊಡ್ಡವರು ಉತ್ತರ ಕೊಡುವುದಿಲ್ಲ ಎಂಬ ದೂರನ್ನು ಎಲ್ಲೆಲ್ಲೂ ಕೇಳುತ್ತೇವೆ. ಅವರ ಗರ್ವವನ್ನು ಬಯ್ಯುವ ಮುನ್ನ ಒಂದು ಮಾತು ವಿಚಾರಿಸಬೇಕು: ತೂಗಿ ನೋಡುವಂಥದ್ದನ್ನು ಏನಾದರೂ ನಾವು ಅವರ ಕೈಗೆ ಕೊಟ್ಟಿದ್ದೇವೆಯೇ? ಗುರುತು ಪರಿಚಯವಿಲ್ಲದವನ ಪತ್ರಕ್ಕೆ ಇರುವ ಬಲ ಅದೊಂದೇ ಎಂಬುದು ನನ್ನ ವಾದ.

ಮೈಕಲ್ ಫ್ಯಾರಡೆ ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದಲ್ಲಿದ್ದ ಹುಡುಗ. ವಿಜ್ಞಾನದ ಕೆಲಸ ಯಾವುದಾದರೂ ಸರಿ, ಕೊಡಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಬರೆದ, ಉತ್ತರ ಬರಲಿಲ್ಲ. 1812ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಟಿಪ್ಪಣಿಗಳನ್ನು ಚಿತ್ರಗಳೊಂದಿಗೆ ವಿಸ್ತರಿಸಿ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಅದೇ ಡಿಸೆಂಬರ್‌ನಲ್ಲಿ ಡೇವಿ ಉತ್ತರ ಬರೆದರು. 1813ರ ಮಾರ್ಚ್‌ನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದಲ್ಲಿ ಸಹಾಯಕನ ಜಾಗ ಖಾಲಿಯಾದಾಗ ಕರೆ ಫ್ಯಾರಡೆಗೆ ಬಂತು. ಶ್ರದ್ಧೆ, ಬುದ್ಧಿ, ಕೈಕೆಲಸದ ಅಚ್ಚುಕಟ್ಟು ಇವೆಲ್ಲ ನನ್ನಲ್ಲಿವೆ ಎಂದು ಅವನು ಹೇಳಿಕೊಳ್ಳಬೇಕಾಗಲಿಲ್ಲ. ಪುಟ ತಿರುವಿದರೆ ಸಾಕಿತ್ತು.

ನೂರು ವರ್ಷದ ಬಳಿಕ, 1913ರ ಜನವರಿ 16ರಂದು, ಮದರಾಸು ಬಂದರು ಕಚೇರಿಯ ಗುಮಾಸ್ತ ಶ್ರೀನಿವಾಸ ರಾಮಾನುಜನ್ ಕೇಂಬ್ರಿಡ್ಜಿನ ಗಣಿತಜ್ಞ ಜಿ.ಎಚ್. ಹಾರ್ಡಿಗೆ ಬರೆದ ಪತ್ರ ಇನ್ನೂ ಹತ್ತಿರದಿಂದ ನೋಡತಕ್ಕದ್ದು. ತಾನು ಯಾರು ಎಂಬುದು ಮೊದಲ ಸಾಲುಗಳಲ್ಲೇ ಮುಗಿಯುತ್ತದೆ: ಲೆಕ್ಕಪತ್ರ ವಿಭಾಗದ ಗುಮಾಸ್ತ, ವರ್ಷಕ್ಕೆ 20 ಪೌಂಡ್ ಸಂಬಳ, ವಿಶ್ವವಿದ್ಯಾಲಯದ ಶಿಕ್ಷಣವಿಲ್ಲ. ಆಮೇಲೆ ಹಾರ್ಡಿಯದೇ ಪುಸ್ತಕದ 36ನೇ ಪುಟಕ್ಕೆ ಬರುತ್ತಾರೆ. ಒಂದು ಸಂಖ್ಯೆಯೊಳಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಎಂದು ಹೇಳುವ ನಿಖರ ಸೂತ್ರ ಇನ್ನೂ ಸಿಕ್ಕಿಲ್ಲ ಎಂದು ನೀವು ಬರೆದಿದ್ದೀರಿ. ನಿಜಸಂಖ್ಯೆಗೆ ತೀರಾ ಹತ್ತಿರ ಬರುವ ಸೂತ್ರ ನನಗೆ ಸಿಕ್ಕಿದೆ. ಹಿಂದೆಯೇ ಪುಟಗಟ್ಟಲೆ ಪ್ರಮೇಯಗಳು. ಕೋರಿಕೆ ಕೊನೆಗೆ: ನಾನು ಬಡವ, ಇವುಗಳಲ್ಲಿ ಬೆಲೆಯುಳ್ಳದ್ದು ಇದೆಯೆಂದು ನಿಮಗೆ ಅನ್ನಿಸಿದರೆ ಪ್ರಕಟಿಸಬೇಕೆಂದಿದ್ದೇನೆ, ಸಲಹೆ ಕೊಡಿ. ವಿಚಿತ್ರವೆಂದರೆ ಅವಿಭಾಜ್ಯ ಸಂಖ್ಯೆಗಳ ಬಗೆಗಿನ ಆ ದೊಡ್ಡ ಹೇಳಿಕೆ ನಿಲ್ಲಲಿಲ್ಲ, ತಪ್ಪೆಂದು ತಿಳಿಯಿತು. ಆದರೆ ಪರೀಕ್ಷಿಸಲು ಬರುವಂತೆ ಬರೆದಿದ್ದರಿಂದಲೇ ಅದು ತಪ್ಪೆಂದು ತಿಳಿಯಿತು. ಜೊತೆಗಿದ್ದ ಉಳಿದ ಪ್ರಮೇಯಗಳನ್ನು ಹಾರ್ಡಿ ಮತ್ತು ಅವರ ಸಹೋದ್ಯೋಗಿ ಲಿಟಲ್‌ವುಡ್ ಕೂತು ಪರಿಶೀಲಿಸಿದರು, ಫೆಬ್ರವರಿ 8ರಂದು ಉತ್ತರ ಹೊರಟಿತು.

ಇವರೆಲ್ಲ ಅಸಾಮಾನ್ಯರು, ಅವರ ಪತ್ರ ಹೇಗಿದ್ದರೂ ಗೆಲ್ಲುತ್ತಿತ್ತು ಎಂಬ ಆಕ್ಷೇಪ ಸಹಜ. ಆದರೆ ಗೆದ್ದ ಈ ಮಹಾಶಯರೇ ಸೋತೂ ಇದ್ದರು. ಬ್ಯಾಂಕ್ಸ್ ಉತ್ತರಿಸದ ಫ್ಯಾರಡೆಯೂ ಡೇವಿ ಕರೆದ ಫ್ಯಾರಡೆಯೂ ಒಬ್ಬನೇ. ರಾಮಾನುಜನ್ ಹಾರ್ಡಿಗಿಂತ ಮೊದಲು ಕೇಂಬ್ರಿಡ್ಜಿನ ಗಣಿತಜ್ಞರಾದ ಬೇಕರ್ ಮತ್ತು ಹಾಬ್ಸನ್‌ಗೂ ಬರೆದಿದ್ದರು, ಅಲ್ಲಿಂದ ನೆರವು ಬರಲಿಲ್ಲ. ಪ್ರತಿಭೆಯೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಚೆನ್ನಾಗಿ ಬರೆದ ಪತ್ರಕ್ಕೂ ಉತ್ತರದ ಖಾತರಿಯಿಲ್ಲ ಎಂಬುದನ್ನೂ ಇದೇ ಸಾಕ್ಷಿ ಹೇಳುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಾಗಾಗಿ ಹೆಸರು ನೋಡಿ ಬರೆಯುವುದಕ್ಕಿಂತ, ನಮ್ಮ ವಿಷಯದಲ್ಲೇ ಕೈಯಾಡಿಸುತ್ತಿರುವವರು ಯಾರೆಂದು ಹುಡುಕುವುದರಲ್ಲಿ ಹೊತ್ತು ಕಳೆಯುವುದು ಮೇಲು. ಒಬ್ಬರ ಮೌನವನ್ನು ನಮ್ಮ ಯೋಗ್ಯತೆಯ ಮೇಲಿನ ತೀರ್ಪೆಂದು ತಿಳಿದು ಮುದುಡಿಕೊಳ್ಳಲೂಬಾರದು.

ಸಾಮಾನ್ಯ ವಿದ್ಯಾರ್ಥಿಗೆ ಇದು ಹೇಗೆ ಅನ್ವಯಿಸುತ್ತದೆ? ಹಿರಿಯೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಅಂತರ್ಜಲ ತಜ್ಞರಿಗೆ ಬರೆಯುತ್ತಾಳೆ ಎಂದುಕೊಳ್ಳಿ. ಅಂತರ್ಜಲದಲ್ಲಿ ನನಗೆ ಅಪಾರ ಆಸಕ್ತಿಯಿದೆ ಎಂದರೆ ಆ ಮಾತನ್ನು ಅಳೆಯಲು ದಾರಿಯಿಲ್ಲ. ಅದರ ಬದಲು, ನಮ್ಮೂರಿನ ಹನ್ನೆರಡು ಬಾವಿಗಳ ನೀರಿನ ಮಟ್ಟವನ್ನು ಜೂನ್‌ನಿಂದ ನವೆಂಬರ್‌ವರೆಗೆ ವಾರಕ್ಕೊಮ್ಮೆ ಅಳೆದಿದ್ದೇನೆ. ಕೆರೆಯ ಪಕ್ಕದ ಎರಡು ಬಾವಿಗಳು ಮಾತ್ರ ಮಳೆ ಬಂದರೂ ಏರಲಿಲ್ಲ. ಸುತ್ತಲಿನ ಕೊಳವೆಬಾವಿಗಳನ್ನು ಮೊದಲು ಎಣಿಸಲೇ, ಬಂಡೆಯ ಬಿರುಕುಗಳ ನಕ್ಷೆ ಹುಡುಕಲೇ? ಇಷ್ಟು ಬರೆದು ಒಂದು ಪುಟದ ಕೋಷ್ಟಕ ಲಗತ್ತಿಸಿದರೆ ಅವಳಿಗೆ ಶಿಫಾರಸಿನ ಹಂಗಿಲ್ಲ. ಓದಿದವರು ಕಾರಿನಲ್ಲಿ ಕೂತೇ ಮೊಬೈಲಿನಲ್ಲಿ ಒಂದು ಸಾಲು ಉತ್ತರಿಸಬಹುದು. ವಿಷಯದ ಸಾಲಿನಲ್ಲಿ 'ಒಂದು ವಿನಂತಿ' ಎನ್ನುವ ಬದಲು 'ಮಳೆಗೂ ಏರದ ಎರಡು ಬಾವಿಗಳು: ಒಂದು ಪ್ರಶ್ನೆ' ಎಂದಿದ್ದರೆ ಮೇಲ್ ತೆರೆಯಲು ಕಾರಣ ಸಿಗುತ್ತದೆ. ಕನ್ನಡ ಬಲ್ಲವರಿಗೆ ಕನ್ನಡದಲ್ಲೇ ಬರೆಯಬಹುದು, ಅರ್ಧಂಬರ್ಧ ಇಂಗ್ಲಿಷಿನ ಸಂಕೋಚಕ್ಕಿಂತ ಅದು ಎಷ್ಟೋ ವಾಸಿ. ಯಂತ್ರಗಳೇ ಸೊಗಸಾದ ಪತ್ರ ಬರೆದುಕೊಡುವ ಈ ದಿನಗಳಲ್ಲಿ ನುಣುಪಾದ ವಾಕ್ಯಕ್ಕೆ ಬೆಲೆ ಇಳಿದಿದೆ. ಬಾವಿಗೆ ಹಗ್ಗ ಇಳಿಸಿದ ಲೆಕ್ಕಕ್ಕೆ ಬೆಲೆ ಇಳಿಯದು.

ಹೊಗಳಿಕೆ ಬೇಡವೆಂದರೆ ಹಿರಿಯರಿಗೆ ಅಗೌರವವಲ್ಲವೇ ಎಂದು ಕೇಳುವವರಿದ್ದಾರೆ. ಬೋಸ್ ಕೂಡ ನಾವೆಲ್ಲ ನಿಮ್ಮ ಬರಹಗಳ ಮೂಲಕ ನಿಮ್ಮ ಶಿಷ್ಯರು ಎಂಬರ್ಥದ ಒಂದು ಮಾತು ಬರೆದಿದ್ದರು. ಆ ಮಾತಿಗೆ ಆಧಾರವಿತ್ತು: ಸಾಪೇಕ್ಷತೆಯ ಕುರಿತ ಐನ್‌ಸ್ಟೈನ್ ಪ್ರಬಂಧವನ್ನು ಇಂಗ್ಲಿಷಿಗೆ ತಂದವರಲ್ಲಿ ತಾವೂ ಒಬ್ಬರೆಂದು ಅದೇ ಪತ್ರದಲ್ಲಿ ತಿಳಿಸಿದ್ದರು. ಓದಿದ್ದೇನೆ ಎಂದು ತೋರಿಸುವುದಕ್ಕಿಂತ ದೊಡ್ಡ ಗೌರವ ಲೇಖಕನಿಗೂ ವಿಜ್ಞಾನಿಗೂ ಇನ್ನೊಂದಿಲ್ಲ.

ಮಂತ್ರಿಗಳಿಗೆ, ಜಿಲ್ಲಾಧಿಕಾರಿಗಳಿಗೆ ಬರೆಯುವಾಗ ಮಾತ್ರ ಲೆಕ್ಕ ಕೊಂಚ ಬೇರೆ. ಅಲ್ಲಿ ಮೊದಲು ಓದುವವರು ಆಪ್ತ ಸಹಾಯಕರು ಅಥವಾ ಕಚೇರಿ ಸಿಬ್ಬಂದಿ, ಅವರ ಕೆಲಸ ಪತ್ರವನ್ನು ಸರಿಯಾದ ಇಲಾಖೆಗೆ ದಾಟಿಸುವುದು. ನೋವಿನ ಕಥೆ ಎಷ್ಟು ಸತ್ಯವಾದರೂ ಸರ್ವೆ ನಂಬರ್, ಹಿಂದಿನ ಅರ್ಜಿಯ ತಾರೀಖು, ಕಡತ ಯಾವ ಕಚೇರಿಯಲ್ಲಿ ನಿಂತಿದೆ ಎಂಬುದು ಇಲ್ಲದಿದ್ದರೆ ಅವರು ಏನೂ ಮಾಡಲಾರರು. ಸರ್ಕಾರಿ ಸೇವೆಗಳ ಸಕಾಲ ಯೋಜನೆಯಡಿ ಕೊಟ್ಟ ಅರ್ಜಿಯಾದರೆ ಸ್ವೀಕೃತಿಯಲ್ಲಿರುವ ಜಿಎಸ್‌ಸಿ ಸಂಖ್ಯೆ ಮೊದಲ ಸಾಲಿನಲ್ಲೇ ಇರಬೇಕು.

ದೊಡ್ಡವರು ದೊಡ್ಡವರಿಗೆ ಬರೆದಾಗಲೂ ಇದೇ ಎಚ್ಚರ ಕಾಣುತ್ತದೆ. 1898ರ ನವೆಂಬರ್ 23ರಂದು ಜಮ್‌ಷೆಟ್‌ಜಿ ಟಾಟಾ ಸ್ವಾಮಿ ವಿವೇಕಾನಂದರಿಗೆ ಬರೆದ ಪತ್ರದಲ್ಲಿ, ಜಪಾನಿನಿಂದ ಶಿಕಾಗೋ ಕಡೆಗಿನ ಪಯಣದಲ್ಲಿ ಜೊತೆಗಿದ್ದೆ ಎಂಬ ನೆನಪು ಒಂದೇ ವಾಕ್ಯ. ಬಳಿಕ ಸಂಶೋಧನಾ ಸಂಸ್ಥೆಯ ಯೋಜನೆ, ಅದರ ಪರವಾಗಿ ಜನರನ್ನು ಎಚ್ಚರಿಸುವ ಕಿರುಹೊತ್ತಗೆ ಬರೆದುಕೊಡಿ ಎಂಬ ಕೋರಿಕೆ, ಅಚ್ಚಿನ ಖರ್ಚು ನನ್ನದು ಎಂಬ ಭರವಸೆ. ಆ ಯೋಜನೆಯೇ 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಾಯಿತು.

ಉತ್ತರ ಬಂದ ಮೇಲೆ ಮಾಡುವುದೂ ಇದೆ. ಹಾರ್ಡಿ ತಮ್ಮ ಉತ್ತರದಲ್ಲಿ ಪ್ರಮೇಯಗಳಿಗೆ ಸಾಧನೆ ಕೇಳಿದ್ದರು. ಫೆಬ್ರವರಿ 27ರ ಎರಡನೇ ಪತ್ರದಲ್ಲಿ ರಾಮಾನುಜನ್ ಮತ್ತಷ್ಟು ಫಲಿತಾಂಶಗಳನ್ನು ಕಳಿಸಿ, ಮುಚ್ಚುಮರೆಯಿಲ್ಲದೆ ಹೇಳಿದರು: ನನ್ನ ಬುದ್ಧಿ ಉಳಿಯಬೇಕಾದರೆ ಹೊಟ್ಟೆಗೆ ಬೇಕು, ನಿಮ್ಮ ಸಹಾನುಭೂತಿಯ ಒಂದು ಪತ್ರವಿದ್ದರೆ ಇಲ್ಲಿನ ವಿಶ್ವವಿದ್ಯಾಲಯದಿಂದಲೋ ಸರ್ಕಾರದಿಂದಲೋ ವಿದ್ಯಾರ್ಥಿವೇತನ ದೊರೆಯಬಹುದು. ಹಾರ್ಡಿಯ ಕೈಯಲ್ಲಿ ಆಗುವ ಕೆಲಸವನ್ನೇ ರಾಮಾನುಜನ್ ಕೇಳಿದ್ದರು. ಕೇಂಬ್ರಿಡ್ಜಿನ ಮೆಚ್ಚುಗೆ ಮದರಾಸಿನಲ್ಲಿ ತೂಕ ಪಡೆಯಿತು. ಅದೇ ವರ್ಷ ಮದರಾಸು ವಿಶ್ವವಿದ್ಯಾಲಯ ಅವರಿಗೆ ತಿಂಗಳಿಗೆ 75 ರೂಪಾಯಿಯ ವಿದ್ಯಾರ್ಥಿವೇತನ ಮಂಜೂರು ಮಾಡಿತು, ಗುಮಾಸ್ತಿಕೆ ಬಿಟ್ಟು ಪೂರ್ತಿ ಹೊತ್ತು ಗಣಿತದಲ್ಲಿ ಕೂರಲು ಅಷ್ಟು ಸಾಕಾಯಿತು.