ನಾಯಿಮರಿಯ ಮುಂದಿನ ರೂಪವನ್ನು ಅರಿಯುವ ಬಗೆ

ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯ ಸುತ್ತಮುತ್ತ ಗೋವಿನಜೋಳ, ಹತ್ತಿಗಳನ್ನು ಬೆಳೆಯುವ ಜಮೀನುದಾರರಿಗೆ ತೋಟದ ಮನೆಯ ಕಾವಲಿಗೆ ಒಳ್ಳೆಯದೊಂದು ನಾಯಿ ಬೇಕಾಗುವುದು ಸಹಜವೇ. ಹಾನಗಲ್ಲು, ಶಿಗ್ಗಾಂವಿ, ಸವಣೂರುಗಳ ಕಡೆಯಲ್ಲಿ ಕುರಿ ಸಾಕಿದವರಿಗೂ ಇದೇ ಅಗತ್ಯವುಂಟು. ನೆರೆಯವರ ಮನೆಯಿಂದ ಮರಿಯನ್ನು ಕೇಳಿ ತರುವಲ್ಲಿ ಅದರ ತಾಯಿಯಾದರೂ ಕಣ್ಣೆದುರಿಗೆ ಇರುವುದು. ಮೋಸಕ್ಕೆ ಎಡೆ ಕಡಿಮೆ. ಆದರೆ ಮುಧೋಳ ತಳಿಯ ಹೆಸರು ಎಲ್ಲೆಡೆ ಹಬ್ಬಿದ ಮೇಲೆ ಮರಿಗಳಿಗೆ ಬೆಲೆ ಬಂದಿದೆ. ಬೆಲೆ ಬಂದ ಕಡೆ ಮಾತೂ ಬೆಳೆಯುತ್ತದೆ. ಒಂದೂವರೆ ತಿಂಗಳ ಮರಿಯೊಂದನ್ನು ತೋರಿಸಿ, "ಇದು ವರ್ಷ ತುಂಬುವುದರೊಳಗೆ ಸೊಂಟದ ಮಟ್ಟಕ್ಕೆ ನಿಲ್ಲುವುದು" ಎಂದು ಮಾರುವವನು ಹೇಳಿದರೆ, ಕೊಳ್ಳುವವನು ಅದನ್ನು ಯಾವ ಆಧಾರದಿಂದ ಒಪ್ಪಬೇಕು, ಯಾವ ಆಧಾರದಿಂದ ಬಿಡಬೇಕು?

ಇದು ಕೇವಲ ಕೊಂಡವನ ಹಣದ ಪ್ರಶ್ನೆಯಲ್ಲ. ನಿರೀಕ್ಷೆಯಂತೆ ಬೆಳೆಯದ ನಾಯಿಯನ್ನು ಬಹುಮಟ್ಟಿಗೆ ಊರ ಹೊರಗೆ ಬಿಟ್ಟುಬರುವರು. ಅದು ಬೀದಿನಾಯಿಗಳೊಡನೆ ಸೇರಿ, ಲಸಿಕೆಯಿಲ್ಲದೆ ತಿರುಗಿ, ಮಕ್ಕಳನ್ನು ಕಚ್ಚಿದಾಗ ತೊಂದರೆ ಇಡೀ ಗ್ರಾಮಕ್ಕೆ ತಟ್ಟುತ್ತದೆ. ಆದಕಾರಣ ಊರಿನ ಹಿರಿಯರೂ ಈ ವಿಷಯವನ್ನು ತಿಳಿದಿರುವುದು ಲೇಸು.

ಮೊದಲು ತಿಳಿಯಬೇಕಾದುದು, ಎಳೆಯ ಮರಿಗಳೆಲ್ಲವೂ ಒಂದನ್ನೊಂದು ಹೋಲುತ್ತವೆಂಬುದು. ಡಾರ್ವಿನ್ ಎಂಬ ಪ್ರಸಿದ್ಧ ಜೀವಶಾಸ್ತ್ರಜ್ಞನು ೧೮೫೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ವಿಚಾರವನ್ನು ಎತ್ತಿದ್ದಾನೆ. ಗ್ರೇಹೌಂಡ್ ಎಂಬ ನೀಳದೇಹದ ಬೇಟೆನಾಯಿಗೂ ಬುಲ್‌ಡಾಗ್ ಎಂಬ ಮೋಟು ಮೂತಿಯ ನಾಯಿಗೂ ಹುಟ್ಟಿದ ಮರಿಗಳು ತಂದೆತಾಯಿಗಳಷ್ಟೇ ಬೇರೆಬೇರೆಯಾಗಿರುವುವೆಂದು ಸಾಕುವವರು ಅವನಿಗೆ ಹೇಳಿದ್ದರು. ಕಣ್ಣಿಗೂ ಹೆಚ್ಚುಕಡಿಮೆ ಹಾಗೆಯೇ ತೋರಿತು. ಆದರೆ ಆರು ದಿನದ ಮರಿಗಳನ್ನೂ ದೊಡ್ಡ ನಾಯಿಗಳನ್ನೂ ಅಳೆದು ನೋಡಲಾಗಿ, ದೊಡ್ಡವುಗಳಲ್ಲಿದ್ದಷ್ಟು ಅಂತರವು ಮರಿಗಳಲ್ಲಿ ಇನ್ನೂ ಮೂಡಿರಲಿಲ್ಲ. ಕಣ್ಣು ಹೇಳಿದ್ದನ್ನು ಅಳತೆಯು ಒಪ್ಪಲಿಲ್ಲ. ಮೂತಿ ನೀಳವಾಗುವುದು, ಎದೆ ಇಳಿಯುವುದು, ಹೊಟ್ಟೆ ಮೇಲಕ್ಕೆ ಸೇದಿಕೊಳ್ಳುವುದು ಇವೆಲ್ಲ ಹುಟ್ಟಿದ ಮೇಲೆ ತಿಂಗಳುಗಟ್ಟಲೆ ನಡೆಯುವ ಕೆಲಸಗಳು. ಅಪ್ಪಟ ಮುಧೋಳದ ಮರಿಯೂ ಎಳವೆಯಲ್ಲಿ ದುಂಡು ತಲೆಯ, ಗಿಡ್ಡ ಮೂತಿಯ ಸಾಮಾನ್ಯ ಮರಿಯಂತೆಯೇ ಕಾಣುವುದು.

ಹೀಗಿರಲು ಜನರು ನಂಬಿಕೊಂಡು ಬಂದ ಗುರುತುಗಳಲ್ಲಿ ಕೆಲವು ಪೂರ್ಣವಾಗಿ ಸುಳ್ಳು, ಕೆಲವು ಅರ್ಧ ಸತ್ಯ. ಉಗುರುಗಳನ್ನು ಎಣಿಸಿ ನಾಯಿಯ ಯೋಗ್ಯತೆಯನ್ನು ನಿರ್ಣಯಿಸುವವರು ಇಂದಿಗೂ ಇದ್ದಾರೆ. ಸಾಮಾನ್ಯವಾಗಿ ನಾಯಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಒಟ್ಟು ೧೮ ಉಗುರುಗಳು. ಹಿಂಗಾಲಿನಲ್ಲಿ ಹೆಚ್ಚಿನ ಉಗುರು ಬಂದರೆ ಅದು ವಂಶದಿಂದ ಬಂದ ಒಂದು ಲಕ್ಷಣ, ಅಷ್ಟೇ. ಎತ್ತರಕ್ಕಾಗಲಿ ಧೈರ್ಯಕ್ಕಾಗಲಿ ಅದರ ಸಂಬಂಧವಿಲ್ಲ. ಪಾದ ದಪ್ಪವಿದ್ದರೆ ನಾಯಿ ದೊಡ್ಡದಾಗುವುದೆಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಎಳೆಯದರಲ್ಲಿ ಪಾದಗಳು ಮೈಯನ್ನು ಮೀರಿ ಬೆಳೆದಂತೆ ಕಾಣುವುದು ಸಾಮಾನ್ಯವಾದ್ದರಿಂದ ಅದೊಂದನ್ನೇ ನೆಚ್ಚಬಾರದು. ಉಬ್ಬಿದ ಹೊಟ್ಟೆಯನ್ನು ಪುಷ್ಟಿಯೆಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು. ಅದು ಬಹುವೇಳೆ ಜಂತುಹುಳುವಿನ ಚಿಹ್ನೆ.

ಬಣ್ಣದ ವಿಷಯದಲ್ಲಿಯೂ ಎಚ್ಚರ ಬೇಕು. ಕಂದು ಅಥವಾ ಗೋಧಿ ಬಣ್ಣಕ್ಕೆ ತಿರುಗುವ ಮರಿಗಳಲ್ಲಿ ಎಷ್ಟೋ ಮರಿಗಳ ಕೂದಲ ತುದಿ ಹುಟ್ಟುವಾಗ ಕಪ್ಪಾಗಿದ್ದು, ಮರಿಗೂದಲು ಉದುರಿದಂತೆ ತಿಳಿಯಾಗುತ್ತದೆ. ಬಿಳಿಯ ಮಚ್ಚೆಗಳು ಇದ್ದಲ್ಲಿಯೇ ಉಳಿಯುವುವು. ಮೂಗಿನ ತುದಿ ಹುಟ್ಟಿದಾಗ ನಸುಗೆಂಪಾಗಿದ್ದು ವಾರಗಳಲ್ಲಿ ಕಪ್ಪಾಗಬಹುದು. ಮರಿ ಕಣ್ಣು ಬಿಡುವುದು ಹುಟ್ಟಿದ ೧೦ರಿಂದ ೧೪ ದಿನಗಳಲ್ಲಿ. ಆಗ ಕಾಣುವ ನೀಲಿ ಛಾಯೆ ಸ್ಥಿರವಲ್ಲ. ಮೂರು ನಾಲ್ಕು ತಿಂಗಳಲ್ಲಿ ನಿಜವಾದ ಬಣ್ಣ ಬರುವುದು. ನೀಲಿಗಣ್ಣೆಂದು ಎಳೆಯ ಮರಿಗೆ ಹೆಚ್ಚು ಬೆಲೆ ಕೊಡುವವರು ಈ ಮಾತನ್ನು ನೆನಪಿಡತಕ್ಕದ್ದು. ಕಿವಿಗಳೂ ಅಷ್ಟೇ. ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬರುವ ನಾಲ್ಕರಿಂದ ಏಳನೆಯ ತಿಂಗಳವರೆಗೆ ಅವು ಒಮ್ಮೆ ನಿಮಿರಿ ಒಮ್ಮೆ ಜೋಲುವುದುಂಟು.

ಹಾಗಾದರೆ ನಂಬಬಹುದಾದುದು ಯಾವುದು? ಎಲ್ಲಕ್ಕಿಂತ ಮೇಲಾದುದು ತಂದೆತಾಯಿಗಳ ದರ್ಶನ. ಎರಡನ್ನೂ ನೋಡಬೇಕು, ಅದಕ್ಕೂ ಹಿಂದಿನ ತಲೆಮಾರನ್ನು ನೋಡಲು ಸಿಕ್ಕಿದರೆ ಇನ್ನೂ ಒಳ್ಳೆಯದು. ಏಕೆಂದರೆ ತಂದೆತಾಯಿಗಳಲ್ಲಿ ಕಾಣದ ಗುಣವೂ ಮರಿಯಲ್ಲಿ ಹೊರಬೀಳಬಲ್ಲದು. ನಾಯಿಯ ಕೂದಲು ಗಿಡ್ಡವಾಗಿರುವುದು ಪ್ರಬಲ ಗುಣ, ನೀಳವಾಗಿರುವುದು ಅಡಗಿ ನಿಲ್ಲುವ ಗುಣ. ನೀಳಗೂದಲ ಬೀಜವನ್ನು ಗುಪ್ತವಾಗಿ ಹೊತ್ತ ಎರಡು ಗಿಡ್ಡಗೂದಲ ನಾಯಿಗಳು ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿಗೆ ನೀಳಗೂದಲು ಬರುವುದು. ಬಟಾಣಿ ಗಿಡಗಳಲ್ಲಿ ಮೆಂಡೆಲ್ ಕಂಡ ನಿಯಮವೇ ಇದು. ನಾಯಿಯ ಪೂರ್ಣ ವಂಶವಾಹಿ ಲಿಪಿಯನ್ನು ವಿಜ್ಞಾನಿಗಳು ೨೦೦೫ರಲ್ಲಿ ಪ್ರಕಟಿಸಿದರು. ಸಣ್ಣ ತಳಿಗಳ ಗಿಡ್ಡತನದಲ್ಲಿ ಒಂದೇ ವಂಶವಾಹಿಯ ಪಾತ್ರವು ಬಹು ದೊಡ್ಡದೆಂದು ೨೦೦೭ರಲ್ಲಿ ತಿಳಿದುಬಂದಿತು. ಆದುದರಿಂದ ಮಿಶ್ರತಳಿಯ ಮರಿಯು ತಂದೆತಾಯಿಗಳ ನಡುವಣ ರೂಪವನ್ನೇ ತಾಳುವುದೆಂಬ ನಿಶ್ಚಯವಿಲ್ಲ.

ಇಲ್ಲಿ ಇನ್ನೊಂದು ತೊಡಕುಂಟು. ಹೆಣ್ಣುನಾಯಿಯ ಬೆದೆಯು ಸುಮಾರು ಮೂರು ವಾರ ಇರುತ್ತದೆ. ಆ ಅವಧಿಯಲ್ಲಿ ಅದನ್ನು ಕಟ್ಟಿ ಕಾಯದಿದ್ದರೆ ಹಲವು ಗಂಡುಗಳೊಡನೆ ಕೂಡಬಹುದು, ಒಂದೇ ಸೂಲಿನ ಮರಿಗಳಿಗೆ ಬೇರೆಬೇರೆ ತಂದೆಯರಿರಬಹುದು. ಹೊಲಮನೆಯಲ್ಲಿ ಬಿಡುಬೀಸಾಗಿ ತಿರುಗುವ ನಾಯಿಯ ಮರಿಗಳನ್ನು "ಇಂಥ ಗಂಡಿನದೇ" ಎಂದು ಹೇಳುವ ಮಾತಿಗೆ ಹೆಚ್ಚು ತೂಕ ಕೊಡಲಾಗದು. ಕೆಂದ ಮರಿಗಳ ನಡುವೆ ಒಂದು ಬಿಳಿಯದಿದ್ದ ಮಾತ್ರಕ್ಕೆ ಅದು ಬೀದಿನಾಯಿಯದೆಂದು ತೀರ್ಮಾನಿಸುವುದೂ ಸಲ್ಲದು, ಅಡಗಿದ ಗುಣದ ಮಾತನ್ನು ಈಗತಾನೇ ಹೇಳಲಾಗಿದೆ.

ಎರಡನೆಯ ಆಧಾರ ತೂಕ. ಮಧ್ಯಮದಿಂದ ದೊಡ್ಡ ಗಾತ್ರದ ನಾಯಿಯು ನಾಲ್ಕರಿಂದ ಐದನೆಯ ತಿಂಗಳ ಹೊತ್ತಿಗೆ ತನ್ನ ಪೂರ್ಣ ತೂಕದ ಸುಮಾರು ಅರ್ಧವನ್ನು ಮುಟ್ಟುವುದು. ನಾಲ್ಕೂವರೆ ತಿಂಗಳಿಗೆ ೧೨ ಕಿಲೋಗ್ರಾಂ ತೂಗುವ ಮರಿಯು ಮುಂದೆ ೨೪ರ ಆಸುಪಾಸಿಗೆ ಬರಬಹುದೆಂದು ಊಹಿಸಬಹುದು. ಸಣ್ಣ ತಳಿಗಳಲ್ಲಿ ಈ ಹಂತವು ಬೇಗ, ಭಾರೀ ತಳಿಗಳಲ್ಲಿ ತಡವಾಗಿ ಬರುವುದು. ಎತ್ತರವು ಬಹುತೇಕ ವರ್ಷದೊಳಗೆ ಮುಗಿಯುತ್ತದೆ. ಎದೆ ಮತ್ತು ಮಾಂಸಖಂಡಗಳು ತುಂಬಿಕೊಳ್ಳುವುದು ಅನಂತರ. ಬೆಳೆದ ಮುಧೋಳದ ಗಂಡು ಭುಜದ ಬಳಿ ಸುಮಾರು ೬೮ರಿಂದ ೭೨ ಸೆಂಟಿಮೀಟರು, ಹೆಣ್ಣು ೬೪ರಿಂದ ೬೮ ಸೆಂಟಿಮೀಟರು ಎತ್ತರವಿರುವುದೆಂದು ತಿಳಿದಿದ್ದರೆ ಮಾರುವವನ ಸೊಂಟದ ಮಟ್ಟದ ಮಾತನ್ನು ತೂಗಿನೋಡಲು ಅನುಕೂಲವಾದೀತು.

ಈ ತಳಿಯನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದರು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ೨೦೧೬ರಲ್ಲಿ ಸೈನ್ಯವು ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದ್ದು, ತಳಿಯ ಶುದ್ಧತೆಯ ಬಗ್ಗೆ ಸಂದೇಹವುಳ್ಳವರು ಸಂತೆಯ ಮಾತಿಗಿಂತ ಅಲ್ಲಿಯ ತಜ್ಞರನ್ನು ವಿಚಾರಿಸುವುದು ಮೇಲು. ಇದು ಕಣ್ಣಿನಿಂದ ಬೇಟೆಯನ್ನು ಕಂಡು ಓಡಿ ಹಿಡಿಯುವ ನಾಯಿ. ಕುರಿಯ ಹಿಂಡಿನ ನಡುವೆ ನಿಂತು ಕಾಯುವ ಕೆಲಸಕ್ಕೆ ಇದನ್ನೇ ಬಯಸುವುದು ಅಷ್ಟು ಜಾಣತನವಲ್ಲ. ಮೊಲ, ಚಿಗರಿಗಳ ಬೇಟೆಯಂತೂ ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ದಂಡಾರ್ಹ.

ವಂಶವು ಕೊಡುವುದು ಒಂದು ಮಿತಿಯನ್ನು ಮಾತ್ರ. ಆ ಮಿತಿಯನ್ನು ಮುಟ್ಟಿಸುವುದು ಆಹಾರ. ಬರಿಯ ರೊಟ್ಟಿ ಮಜ್ಜಿಗೆಯಲ್ಲಿ ಬೆಳೆದ ಮರಿಗೆ ಎಲುಬು ಮಾಂಸ ಕೂಡುವಷ್ಟು ಸಾರಾಂಶ ದೊರೆಯದು. ಮೊಟ್ಟೆ, ಮಾಂಸ ಮೊದಲಾದವು ಬೇಕು. ಜಂತುಹುಳುವಿಗೆ ಔಷಧವನ್ನು ಪಶುವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ಕೊಡಿಸಬೇಕು. ಇದಕ್ಕೆ ವಿರುದ್ಧವಾಗಿ, ಬೇಗ ಎತ್ತರವಾಗಲೆಂದು ಸುಣ್ಣದಂಶದ ಔಷಧಗಳನ್ನು ವೈದ್ಯರನ್ನು ಕೇಳದೆ ಕುಡಿಸುವ ಅಭ್ಯಾಸವೂ ಕಂಡುಬರುತ್ತದೆ. ದೊಡ್ಡ ತಳಿಯ ಎಳೆಯ ಮರಿಗಳು ಹೆಚ್ಚಾದ ಸುಣ್ಣದಂಶವನ್ನು ತಡೆಯಲಾರದೆ ಹೀರಿಕೊಳ್ಳುವುದರಿಂದ ಎಲುಬು ಕೀಲುಗಳು ವಿಕಾರಗೊಳ್ಳುವ ಭಯವಿದೆ.

ಮರಿಯನ್ನು ತಾಯಿಯಿಂದ ಅಗಲಿಸುವುದು ಎಂಟು ವಾರ ತುಂಬಿದ ಮೇಲೆ. ಆಗಲೇ ತೂಕ, ಬಣ್ಣ, ತಂದೆತಾಯಿಗಳ ಎತ್ತರ ಇವನ್ನು ಒಂದು ಕಾಗದದಲ್ಲಿ ಬರೆದು ಮಾರುವವನ ರುಜು ಪಡೆದುಕೊಳ್ಳುವುದು ಒಳ್ಳೆಯ ಕ್ರಮ. ಮೂರು ತಿಂಗಳು ತುಂಬಿದೊಡನೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಆ ದಿನಾಂಕವನ್ನೂ ಅದೇ ಕಾಗದದಲ್ಲಿ ದಾಖಲಿಸಬೇಕು. ನಾಲ್ಕೂವರೆ ತಿಂಗಳಿಗೆ ಮತ್ತೊಮ್ಮೆ ತೂಗಿ ನೋಡಿದರೆ, ಮಾರುವಾಗ ಆಡಿದ ಮಾತಿಗೂ ಮರಿಯ ಬೆಳವಣಿಗೆಗೂ ಎಷ್ಟು ಅಂತರವಿದೆಯೆಂದು ತಿಳಿಯುವುದು.